ಲಕ್ಸೆಂಬರ್ಗ್‌ನಲ್ಲಿ ಕಾರಿಲ್ಲದೆ ಸಂಸಾರ ನಡೆಯುತ್ತದಾ?

ಕಾವೇರಿ ತೀರ

ಎಲ್ಲರಿಗೂ ನಮಸ್ಕಾರ. ನನ್ನ ಗಂಡನಿಗೆ ಲಕ್ಸೆಂಬರ್ಗ್‌ನಲ್ಲಿ ಕೆಲಸ ಸಿಕ್ಕಿದೆ. ಆಫೀಸು ರಾಜಧಾನಿಯ ಕಿರ್ಶ್‌ಬರ್ಗ್ ಎಂಬ ಭಾಗದಲ್ಲಿ. ನಾನು, ಆರು ವರ್ಷದ ಮಗಳು ಮುಂದಿನ ತಿಂಗಳು ಮೈಸೂರಿನಿಂದ ಹೊರಡುತ್ತಿದ್ದೇವೆ. ಅತ್ತೆಯವರೂ ಮೂರು ತಿಂಗಳಿಗೆ ಬರುತ್ತಾರೆ. ಅವರಿಗೆ ಮಂಡಿನೋವಿದೆ.

ಕಾರಿನ ವಿಷಯದಲ್ಲಿ ತಲೆ ಕೆಟ್ಟುಹೋಗಿದೆ. ಅಲ್ಲಿ ಬಸ್ಸು, ರೈಲು ಎಲ್ಲ ಫ್ರೀ, ಕಾರು ಯಾಕೆ ಅಂತ ಕೆಲವರು. ಕಾರಿಲ್ಲದೆ ಒಂದು ವಾರವೂ ಆಗಲ್ಲ ಅಂತ ಇನ್ನು ಕೆಲವರು. ರಾಜಧಾನಿಯೊಳಗೆ ಬಾಡಿಗೆ ನಮ್ಮ ಕೈಗೆ ಎಟುಕುವುದಿಲ್ಲ. ಎಟೆಲ್‌ಬ್ರುಕ್ ಎನ್ನುವ ಊರಿನ ಹತ್ತಿರ ಎರಡು ಮನೆ ನೋಡಿಟ್ಟಿದ್ದೇವೆ. ಒಂದು ಸ್ಟೇಷನ್ ಪಕ್ಕದಲ್ಲೇ ಇದೆ, ಚಿಕ್ಕದು. ಇನ್ನೊಂದು ಐದು ಕಿಲೋಮೀಟರ್ ದೂರದ ಹಳ್ಳಿಯಲ್ಲಿ, ದೊಡ್ಡದು, ಹಿತ್ತಿಲೂ ಇದೆ. ನನಗೆ ಡ್ರೈವಿಂಗ್ ಬರುತ್ತದೆ. ಆದರೆ ಬಲಗಡೆ ಓಡಿಸಬೇಕು ಅಂದರೆ ಭಯ. ಅಲ್ಲಿದ್ದವರು ದಯವಿಟ್ಟು ಹೇಳಿ.

ಕೆಂಪು ಸೇತುವೆ

ಸ್ವಾಗತ. ನಾನಿಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಕಾರು ಇಲ್ಲ. ಹಾಗಂತ ಯಾರಿಗೂ ಕಾರು ಬೇಡ ಎಂದು ಹೇಳುವುದಿಲ್ಲ. ಒಂದೇ ಮಾತು ಹೇಳುತ್ತೇನೆ: ಕಾರಿನ ಪ್ರಶ್ನೆಗೆ ಉತ್ತರ ಕೊಡುವುದು ನಿಮ್ಮ ಮನೆ. ಮೊದಲು ನಿಲ್ದಾಣ ನೋಡಿ, ಆಮೇಲೆ ಮನೆ ನೋಡಿ. ಹಿತ್ತಿಲು ನೋಡಿ ಮನಸ್ಸು ಕರಗಿಸಿಕೊಳ್ಳಬೇಡಿ.

ದೇಶ ಎಷ್ಟು ಸಣ್ಣದು ಅಂದರೆ, ನಮ್ಮ ಕೊಡಗಿಗಿಂತ ಚಿಕ್ಕದು. ಕೊಡಗು 4,100 ಚದರ ಕಿಲೋಮೀಟರ್, ಇದು 2,586. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ 82 ಕಿಲೋಮೀಟರ್. ಹಾಗಾಗಿ 'ದೂರ' ಅನ್ನುವುದು ಇಲ್ಲಿ ಸಮಸ್ಯೆಯೇ ಅಲ್ಲ. ಒಂದು ಗಾಡಿ ಇಳಿದು ಇನ್ನೊಂದು ಹತ್ತುವ ಜಾಗದಲ್ಲಿ ಎಷ್ಟು ಹೊತ್ತು ಕಾಯಬೇಕು ಎನ್ನುವುದೇ ಲೆಕ್ಕ.

2020ರ ಫೆಬ್ರವರಿ 29ರಿಂದ ದೇಶದೊಳಗೆ ಬಸ್ಸು, ಟ್ರಾಮು, ರೈಲಿನ ಎರಡನೇ ದರ್ಜೆ ಎಲ್ಲರಿಗೂ ಉಚಿತ. ಇಡೀ ದೇಶಕ್ಕೆ ಹೀಗೆ ಮಾಡಿದ ಮೊದಲ ದೇಶ ಇದೇ. ಇಲ್ಲಿನವರು, ಪ್ರವಾಸಿಗರು ಎನ್ನುವ ಭೇದ ಇಲ್ಲ. ಕಾರ್ಡು ಬೇಡ, ಆಪ್‌ನಲ್ಲಿ ನೋಂದಣಿ ಬೇಡ. ಹತ್ತುವುದು, ಕೂರುವುದು, ಇಳಿಯುವುದು. ರೈಲಿನಲ್ಲಿ ಬಾಗಿಲ ಹತ್ತಿರ 1 ಎಂದು ಬರೆದಿರುವ ಬೋಗಿಗೆ ಮಾತ್ರ ಹತ್ತಬೇಡಿ. ಅದು ಮೊದಲ ದರ್ಜೆ, ಟಿಕೆಟ್ ಬೇಕು.

ಈಗ ನಿಮ್ಮ ಗಂಡನ ದಾರಿ. ಎಟೆಲ್‌ಬ್ರುಕ್‌ನಲ್ಲಿ ರಾಜಧಾನಿ ಕಡೆಯ ರೈಲು ಹತ್ತಬೇಕು. ಮುಖ್ಯ ಸ್ಟೇಷನ್‌ವರೆಗೆ ಹೋಗುವುದೇ ಬೇಡ. ಅದಕ್ಕಿಂತ ಒಂದು ನಿಲ್ದಾಣ ಮೊದಲು ಫಾಫೆಂಟಾಲ್-ಕಿರ್ಶ್‌ಬರ್ಗ್ ಬರುತ್ತದೆ. ಅರ್ಧ ಗಂಟೆಯೂ ಆಗುವುದಿಲ್ಲ. ಅದು ಕಣಿವೆಯ ತಳ. ಆಫೀಸುಗಳೆಲ್ಲ ಗುಡ್ಡದ ಮೇಲೆ. ರೈಲಿಳಿದು ನಾಲ್ಕು ಹೆಜ್ಜೆ ನಡೆದರೆ ಇಳಿಜಾರಿನ ಹಳಿ ಮೇಲೆ ಓಡುವ ಡಬ್ಬಿ ನಿಂತಿರುತ್ತದೆ. ಫ್ಯುನಿಕ್ಯುಲರ್ ಎನ್ನುತ್ತಾರೆ. ಹಗ್ಗ ಎಳೆಯುತ್ತದೆ, ಒಂದು ಡಬ್ಬಿ ಮೇಲೆ ಹೋಗುವಾಗ ಇನ್ನೊಂದು ಕೆಳಗೆ ಬರುತ್ತದೆ. ಒಂದು ನಿಮಿಷದ ಮಾತು. ಬಾಗಿಲು ತೆರೆದರೆ ಟ್ರಾಮ್ ನಿಲ್ದಾಣದ ಹತ್ತಿರವೇ ಇರುತ್ತೀರಿ. ಟ್ರಾಮು ಐದಾರು ನಿಮಿಷಕ್ಕೊಂದು.

ಇದು 2017ರ ಡಿಸೆಂಬರ್‌ನಲ್ಲಿ ಶುರುವಾಯಿತು. ರೈಲು ನಿಲ್ದಾಣ, ಫ್ಯುನಿಕ್ಯುಲರ್, ಟ್ರಾಮು ಮೂರೂ ಒಂದೇ ತಿಂಗಳಲ್ಲಿ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಉತ್ತರದಿಂದ ಬರುವವರೆಲ್ಲ ಮುಖ್ಯ ಸ್ಟೇಷನ್‌ಗೆ ಹೋಗಿ, ಅಲ್ಲಿಂದ ತುಂಬಿದ ಬಸ್ಸಿನಲ್ಲಿ ಊರೆಲ್ಲ ಸುತ್ತಿ ಕಿರ್ಶ್‌ಬರ್ಗ್‌ಗೆ ಬರುತ್ತಿದ್ದರು. ಉಚಿತ ಮಾಡಿದ್ದಕ್ಕಿಂತ ಈ ಒಂದು ಜೋಡಣೆ ನನ್ನ ಮಟ್ಟಿಗೆ ದೊಡ್ಡ ಉಪಕಾರ.

ಸ್ಟೇಷನ್ ಪಕ್ಕದ ಮನೆ ತಗೊಳ್ಳಿ.

ಗುಡ್ಡದ ಮನೆ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಅದು ಹಳಿಯ ಪಕ್ಕದ ಲಕ್ಸೆಂಬರ್ಗ್. ನಾನಿರುವುದು ಉತ್ತರದಲ್ಲಿ, ಕ್ಲೆರ್ವೊದಿಂದ ಐದು ಕಿಲೋಮೀಟರ್ ಒಳಗೆ. ಇಲ್ಲಿನ ಕಥೆಯೂ ಕೇಳಿ.

ಮೊದಲ ವರ್ಷ ನಾವೂ ಕಾರಿಲ್ಲದೆ ಇದ್ದೆವು. ವಾರದ ದಿನ ಬಸ್ಸು ಚೆನ್ನಾಗಿತ್ತು. ಭಾನುವಾರ ಬಂತೆಂದರೆ ಎರಡು ಗಂಟೆಗೊಂದು. ನವೆಂಬರ್‌ನ ಒಂದು ರಾತ್ರಿ ನನ್ನ ರೈಲು ಹನ್ನೆರಡು ನಿಮಿಷ ತಡವಾಗಿ ಬಂತು. ಕೊನೆಯ ಬಸ್ಸು ಕಾಯಲಿಲ್ಲ. ಸ್ಟೇಷನ್ ಎದುರು ಒಂದೇ ಒಂದು ದೀಪ, ಮಂಜು, ಟ್ಯಾಕ್ಸಿಗೆ ಫೋನ್ ಮಾಡಿದರೆ ಈ ಹೊತ್ತಲ್ಲಿ ಗಾಡಿ ಇಲ್ಲ ಅಂದರು. ಫೋನಿನ ಬೆಳಕಲ್ಲಿ ಐದು ಕಿಲೋಮೀಟರ್ ನಡೆದೆ. ರಸ್ತೆ ಪಕ್ಕ ನಡೆಯಲು ಜಾಗವೇ ಇಲ್ಲ, ಕಾಡು. ಎದುರಿಂದ ಕಾರು ಬಂದಾಗಲೆಲ್ಲ ಚರಂಡಿ ಪಕ್ಕ ಸರಿದು ನಿಲ್ಲುತ್ತಿದ್ದೆ. ಮನೆಗೆ ಬಂದು ಬೂಟು ಬಿಚ್ಚುವಾಗ ಬೆರಳು ಮಡಚಲು ಆಗುತ್ತಿರಲಿಲ್ಲ. ಮರುವಾರವೇ ಹಳೇ ಕಾರು ಕೊಂಡೆವು.

ಹಳ್ಳಿಯ ಮನೆ ತಗೊಂಡರೆ ಕಾರು ಬೇಕೇ ಬೇಕು. ಅರ್ಧಂಬರ್ಧ ಧೈರ್ಯ ಮಾಡಬೇಡಿ. ಇದು ನನ್ನೊಬ್ಬಳ ಮಾತಲ್ಲ. ಯುರೋಪಿನಲ್ಲೇ ಜನಕ್ಕೆ ಹೋಲಿಸಿದರೆ ಅತಿ ಹೆಚ್ಚು ಕಾರುಗಳಿರುವ ದೇಶಗಳಲ್ಲಿ ಇದೂ ಒಂದು.

ಕೆಂಪು ಸೇತುವೆ

ನೀವು ಅನುಭವಿಸಿದ್ದು ನಿಜವಾದ ಕಷ್ಟ. ಕೊನೆಯ ಬಸ್ಸನ್ನು ನಂಬಬೇಡಿ ಎಂದು ಹೊಸಬರಿಗೆ ನಾನೂ ಹೇಳುತ್ತೇನೆ. ಕೊನೆಯದಕ್ಕಿಂತ ಒಂದು ಮುಂಚಿನದಕ್ಕೆ ಹೊರಡಿ. 'ಮೊಬಿಲಿಟೀಟ್' ಎನ್ನುವ ಸರ್ಕಾರದ ಆಪ್ ಇದೆ. ಬಸ್ಸು, ರೈಲು, ಟ್ರಾಮು ಮೂರನ್ನೂ ಸೇರಿಸಿ ದಾರಿ ತೋರಿಸುತ್ತದೆ. ಅದರಲ್ಲಿ ಬರೀ ಸೋಮವಾರದ ವೇಳೆ ನೋಡಬೇಡಿ. ಮನೆ ಒಪ್ಪುವ ಮೊದಲು ಭಾನುವಾರ ರಾತ್ರಿ ಒಂಬತ್ತಕ್ಕೆ ಆ ನಿಲ್ದಾಣಕ್ಕೆ ಏನು ಬರುತ್ತದೆ ಅಂತ ಹಾಕಿ ನೋಡಿ. ಅಲ್ಲೇ ಉತ್ತರ ಸಿಗುತ್ತದೆ.

ಇನ್ನೊಂದು. ಹಳ್ಳಿ ನಿಲ್ದಾಣದಲ್ಲಿ ಸುಮ್ನೆ ನಿಂತರೆ ಬಸ್ಸು ನಿಲ್ಲದೆ ಹೋಗಬಹುದು. ಕೈ ಚಾಚಿ. ಚಳಿಗಾಲದಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಕಪ್ಪು ಕೋಟು ಹಾಕಿ ನಿಂತವರು ಡ್ರೈವರ್‌ಗೆ ಕಾಣುವುದೇ ಇಲ್ಲ. ಮಗಳ ಶಾಲೆ ಚೀಲಕ್ಕೆ ಹೊಳೆಯುವ ಪಟ್ಟಿ ಅಂಟಿಸಿ.

ಗಡಿಯಾಚೆ

ನಾನು ಇರುವುದು ಜರ್ಮನಿಯ ಟ್ರಿಯರ್‌ನಲ್ಲಿ, ಕೆಲಸ ಲಕ್ಸೆಂಬರ್ಗ್‌ನಲ್ಲಿ. ಇಲ್ಲಿ ನನ್ನಂಥವರು ಎರಡು ಲಕ್ಷಕ್ಕೂ ಜಾಸ್ತಿ. ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ ದಿನಾ ಗಡಿ ದಾಟಿ ಬರುತ್ತೇವೆ. ದೇಶದ ಕೆಲಸಗಾರರಲ್ಲಿ ಹತ್ತಿರ ಹತ್ತಿರ ಅರ್ಧ ನಾವೇ.

ನಮಗೆ ಈ ಉಚಿತ ಪೂರ್ತಿ ಸಿಗುವುದಿಲ್ಲ. ಗಡಿಯವರೆಗೆ ದುಡ್ಡು ಕೊಡಬೇಕು, ಗಡಿ ದಾಟಿದ ಮೇಲೆ ಉಚಿತ. ಟ್ರಿಯರ್ ಕಡೆಯಿಂದ ಬಂದರೆ ಲಕ್ಸೆಂಬರ್ಗ್‌ನ ಮೊದಲ ನಿಲ್ದಾಣ ವಾಸ್ಸರ್‌ಬಿಲ್ಲಿಗ್. ಫ್ರಾನ್ಸ್‌ನ ತಿಯೊನ್‌ವಿಲ್, ಮೆಟ್ಸ್ ಕಡೆಯವರಿಗೂ ಹೀಗೆಯೇ. ಜರ್ಮನಿಯಲ್ಲಿ 2023ರ ಮೇ ತಿಂಗಳಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಬಂತು, ಇಡೀ ಜರ್ಮನಿಯ ಬಸ್ಸು, ಸ್ಥಳೀಯ ರೈಲುಗಳಿಗೆ ನಡೆಯುವ ತಿಂಗಳ ಪಾಸು. ಆಗ ತಿಂಗಳಿಗೆ 49 ಯುರೋ ಇತ್ತು, ಈಗ ಏರಿದೆ. ನನ್ನ ಹತ್ತಿರ ಅದಿದೆ. ಅದರಿಂದ ಗಡಿಯವರೆಗೆ ಬಂದು, ಮುಂದೆ ಉಚಿತವಾಗಿ ಹೋಗುತ್ತೇನೆ.

ಹೊಸದರಲ್ಲಿ ಒಮ್ಮೆ ಲಕ್ಸೆಂಬರ್ಗ್‌ನಿಂದ ಟ್ರಿಯರ್‌ಗೆ ಟಿಕೆಟ್ ಇಲ್ಲದೆ ಹತ್ತಿಬಿಟ್ಟೆ. ಎಲ್ಲ ಫ್ರೀ ಅಲ್ವಾ ಎಂದುಕೊಂಡಿದ್ದೆ. ಮೊಸೆಲ್ ನದಿ ಪಕ್ಕ ರೈಲು ಓಡುತ್ತಿತ್ತು, ದ್ರಾಕ್ಷಿ ತೋಟ ನೋಡುತ್ತಾ ಕೂತಿದ್ದೆ. ತಪಾಸಣೆಯವರು ಬಂದರು. 60 ಯುರೋ ದಂಡ. ಕಾವೇರಿ ತೀರ ಅವರೇ, ವಾರಾಂತ್ಯಕ್ಕೆ ಟ್ರಿಯರ್‌ಗೆ ಬಂದೇ ಬರುತ್ತೀರಿ. ಹತ್ತುವ ಮೊದಲೇ ಆಚೆ ಭಾಗದ ಟಿಕೆಟ್ ತಗೊಳ್ಳಿ. ಪಾಸ್‌ಪೋರ್ಟೋ, ಇಲ್ಲಿನ ವಾಸದ ಕಾರ್ಡೋ ಜೊತೆಗಿರಲಿ. ಇದು ಗಡಿಯಿಲ್ಲದ ಷೆಂಗೆನ್ ಒಪ್ಪಂದಕ್ಕೆ ಹೆಸರು ಕೊಟ್ಟ ದೇಶ. 1985ರ ಜೂನ್ 14ರಂದು ಷೆಂಗೆನ್ ಹಳ್ಳಿಯ ಹತ್ತಿರ, ಇದೇ ಮೊಸೆಲ್ ನದಿ ಮೇಲೆ ನಿಂತ ಹಡಗಿನಲ್ಲೇ ಅದಕ್ಕೆ ಸಹಿ ಬಿತ್ತು. ಆದರೂ 2024ರ ಸೆಪ್ಟೆಂಬರ್‌ನಿಂದ ಜರ್ಮನಿ ಈ ಗಡಿಯಲ್ಲಿ ತಪಾಸಣೆ ಮಾಡಲು ಶುರು ಮಾಡಿತು.

ಹಾಸನದ ಮಗಳು

ನಾನು ಲಕ್ಸೆಂಬರ್ಗ್‌ನಲ್ಲಿಲ್ಲ, ಹೋದ ವರ್ಷ ತಂಗಿ ಮನೆಗೆ ಬಂದು ಹೋದೆ. ಒಂದು ವಿಷಯ ಹೇಳಬೇಕು ಅನ್ನಿಸಿತು.

ನಮ್ಮಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಅಮ್ಮ ಈಗ ತವರಿಗೆ ಹೋಗುವುದು ಜಾಸ್ತಿ ಆಗಿದೆ. ಮೊದಲೆಲ್ಲ ಹಬ್ಬಕ್ಕೆ ಮಾತ್ರ ಹೋಗುತ್ತಿದ್ದರು. ಈಗ ಅಕ್ಕನಿಗೆ ಜ್ವರ ಅಂದರೂ ಹೊರಟುಬಿಡುತ್ತಾರೆ. ಕಂಡಕ್ಟರ್ ಹತ್ತಿರ ಆಧಾರ್ ತೋರಿಸಿ ಶೂನ್ಯ ಟಿಕೆಟ್ ತಗೊಂಡು, ಇಳಿಯುವವರೆಗೂ ಆ ಚೀಟಿಯನ್ನು ಬಳೆಯ ಸಂದಿಯಲ್ಲಿ ಸಿಕ್ಕಿಸಿಕೊಂಡಿರುತ್ತಾರೆ.

ಲಕ್ಸೆಂಬರ್ಗ್‌ಗೆ ಅಮ್ಮನೂ ಬಂದಿದ್ದರು. ಮೊದಲ ದಿನ ಬಸ್ಸು ಹತ್ತಿದವರು ಡ್ರೈವರ್ ಹತ್ತಿರವೇ ನಿಂತುಬಿಟ್ಟರು. ಚೀಟಿ ಕೊಡಲಿ ಅಂತ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಡ್ರೈವರ್ 'ಮೊಯೆನ್' ಅಂದರು, ಅದು ಇಲ್ಲಿನ ನಮಸ್ಕಾರ. ಅಮ್ಮ ಕೈ ಮುಗಿದರು. ಅವರು ಸೀಟಿನ ಕಡೆ ಕೈ ತೋರಿಸಿದರು. ಕೂತ ಮೇಲೂ ಅಮ್ಮನಿಗೆ ಸಮಾಧಾನ ಇಲ್ಲ. "ಯಾರಾದ್ರೂ ಕೇಳಿದ್ರೆ ಏನು ತೋರಿಸೋದು?" ಅಂತ ಎರಡು ಸಲ ಕೇಳಿದರು. ಬಳೆಯ ಸಂದಿಯನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಮೂರನೇ ದಿನಕ್ಕೆ ಒಬ್ಬರೇ ಟ್ರಾಮು ಹತ್ತಿ ಎರಡು ನಿಲ್ದಾಣ ಹೋಗಿ ವಾಪಸ್ ಬಂದರು. ಭಾಷೆ ಗೊತ್ತಿಲ್ಲ, ದುಡ್ಡು ಎಣಿಸಲು ಬರಲ್ಲ. ಟಿಕೆಟ್ ಯಂತ್ರದ ಮುಂದೆ ನಿಲ್ಲುವ ಹಾಗಿದ್ದರೆ ಅವರು ಮನೆ ಬಿಟ್ಟು ಕದಲುತ್ತಿರಲಿಲ್ಲ. ಉಚಿತ ಅಂದರೆ ದುಡ್ಡು ಉಳಿಯುವುದು ಅಂತಷ್ಟೇ ನಾನು ತಿಳಿದಿದ್ದೆ.

ಸೀಟಿನ ಲೆಕ್ಕ

ಉಚಿತ ಅಂದಾಗ ಖರ್ಚು ಯಾರ ತಲೆ ಮೇಲೆ ಅನ್ನುವ ಪ್ರಶ್ನೆ ಬರುತ್ತದೆ. ಚಿಕ್ಕದಾಗಿ ಹೇಳುತ್ತೇನೆ. ಉಚಿತ ಮಾಡುವ ಮೊದಲು ಟಿಕೆಟ್ ಎರಡು ಗಂಟೆಗೆ 2 ಯುರೋ, ದಿನಕ್ಕೆ 4 ಯುರೋ ಇತ್ತು. ಅದರಿಂದ ವರ್ಷಕ್ಕೆ ಬರುತ್ತಿದ್ದದ್ದು ಸುಮಾರು 4.1 ಕೋಟಿ ಯುರೋ. ವ್ಯವಸ್ಥೆ ನಡೆಸಲು ಆಗುತ್ತಿದ್ದ ಖರ್ಚು ಸುಮಾರು 50 ಕೋಟಿ. ಅಂದರೆ ಆಗಲೂ ಹೆಚ್ಚಿನ ಭಾರ ತೆರಿಗೆಯ ಮೇಲೇ ಇತ್ತು. ಶ್ರೀಮಂತ ದೇಶ, ಹೊರಲು ಸಾಧ್ಯವಾಯಿತು.

ರಸ್ತೆ ಖಾಲಿ ಆಯಿತಾ ಅಂದರೆ ಇಲ್ಲ. ಬೆಳಿಗ್ಗೆ ಏಳೂವರೆಗೆ ಫ್ರಾನ್ಸ್ ಕಡೆಯ ಎ3 ಹೆದ್ದಾರಿ ನೋಡಿ, ಕಾರುಗಳು ತೆವಳುತ್ತಿರುತ್ತವೆ. ಪೆಟ್ರೋಲೂ ಅಕ್ಕಪಕ್ಕದ ದೇಶಗಳಿಗಿಂತ ಅಗ್ಗ. ಗರಿಷ್ಠ ಬೆಲೆ ಸರ್ಕಾರವೇ ಗೊತ್ತು ಮಾಡುವುದರಿಂದ ಬಂಕಿನಿಂದ ಬಂಕಿಗೆ ಅಲೆಯಬೇಕಾಗಿಲ್ಲ. ಟಿಕೆಟ್ ತೆಗೆದರೆ ಸಾಲದು, ಕಾರಿಗಿಂತ ಬೇಗ ಮುಟ್ಟಿಸಬೇಕು. ಟ್ರಾಮ್‌ಗೆ ಅಷ್ಟೊಂದು ದುಡ್ಡು ಸುರಿದದ್ದು ಅದಕ್ಕೇ.

ಎರಡು ಜಡೆ

ಅತ್ತೆಯ ಮಂಡಿನೋವಿನ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ನನ್ನ ಹತ್ತಿರ ತಳ್ಳುಗಾಡಿಯ ಮಗು ಇದೆ. ಮೆಟ್ಟಿಲು ಎಲ್ಲಿದೆ, ಎಲ್ಲಿಲ್ಲ ಅನ್ನುವುದು ನನಗೆ ಕಂಠಪಾಠ.

ಲಕ್ಸೆಂಬರ್ಗ್ ನಗರ ಎರಡಂತಸ್ತಿನ ಮನೆಯ ಹಾಗೆ. ಮೇಲೆ ಬಂಡೆಯ ಮೇಲಿನ ಹಳೇ ಊರು, ಕೆಳಗೆ ನದಿ ಪಕ್ಕದ ಊರು. ನಕ್ಷೆಯಲ್ಲಿ ಇನ್ನೂರು ಮೀಟರ್ ಅಂತ ಕಾಣುತ್ತದೆ, ನಡೆದರೆ ಕಡಿದಾದ ಇಳಿಜಾರು. ಹಾಗಾಗಿ ಇಲ್ಲಿ ಲಿಫ್ಟುಗಳೂ ಸಾರಿಗೆಯೇ. ಫಾಫೆಂಟಾಲ್‌ನಲ್ಲಿ 2016ರಲ್ಲಿ ತೆರೆದ ಗಾಜಿನ ಲಿಫ್ಟಿದೆ, 71 ಮೀಟರ್ ಎತ್ತರ. ಕೆಳಗಿನ ಬೀದಿಯಲ್ಲಿ ಹತ್ತಿದರೆ ಮೇಲಿನ ಊರಿಗೆ ಬಿಡುತ್ತದೆ. ಸೈಕಲ್ ಸಮೇತ ಜನ ಹತ್ತುತ್ತಾರೆ. ಗ್ರುಂಡ್ ಎನ್ನುವ ಕೆಳಗಿನ ಪೇಟೆಗೂ ಬಂಡೆಯೊಳಗೆ ಕೊರೆದ ಲಿಫ್ಟಿದೆ. ಎರಡೂ ಉಚಿತ. ಅತ್ತೆಗೆ ಒಂದೇ ಒಂದು ಮೆಟ್ಟಿಲು ಹತ್ತಿಸದೆ ಇಡೀ ಊರು ತೋರಿಸಬಹುದು.

ಟ್ರಾಮಿನ ನೆಲ ಮತ್ತು ನಿಲ್ದಾಣದ ನೆಲ ಒಂದೇ ಮಟ್ಟ. ಬಸ್ಸು ನಿಂತಾಗ ಉಸ್ಸೆಂದು ಪಕ್ಕಕ್ಕೆ ಬಾಗುತ್ತದೆ. ರೈಲಿನ ಬಾಗಿಲು ತಾನಾಗಿ ತೆರೆಯುವುದಿಲ್ಲ, ಗುಂಡಿ ಒತ್ತಬೇಕು. ಮೊದಲ ಸಲ ನಾನು ಬಾಗಿಲ ಮುಂದೆ ಕಾಯುತ್ತಲೇ ನಿಂತಿದ್ದೆ. ಒಳಗಿದ್ದ ಅಜ್ಜಿಯೊಬ್ಬರು ಎದ್ದು ಬಂದು ಒತ್ತಿದರು.

ಇನ್ನೊಂದು, ನಿಲ್ದಾಣದ ಹೆಸರುಗಳು. ಒಂದೇ ಊರಿಗೆ ಎರಡು ಮೂರು ಹೆಸರು. ಫ್ರೆಂಚ್‌ನಲ್ಲಿ ಕ್ಲೆರ್ವೊ, ಲಕ್ಸೆಂಬರ್ಗಿಷ್‌ನಲ್ಲಿ ಕ್ಲೀರ್ಫ್. ಟ್ರೊವಿಯೆರ್ಜ್ ಅಂತೂ ಎಲ್ವೆನ್ ಆಗಿಬಿಡುತ್ತದೆ, ಎರಡಕ್ಕೂ ಸಂಬಂಧವೇ ಕಾಣಿಸುವುದಿಲ್ಲ. ಬೋರ್ಡಿನಲ್ಲಿ ಎರಡೂ ಇರುತ್ತವೆ, ಗಾಬರಿ ಬೇಡ.

ಹಾಂ, ಬೇಸಿಗೆ ರಜೆಯಲ್ಲಿ ಹಳಿ ಕೆಲಸಕ್ಕೆ ಕೆಲವು ದಾರಿ ಮುಚ್ಚುತ್ತಾರೆ. ಬದಲಿಗೆ ಬಸ್ಸು ಬಿಡುತ್ತಾರೆ, ಆದರೆ ಹೊತ್ತು ಜಾಸ್ತಿ ಹಿಡಿಯುತ್ತದೆ. ಅತ್ತೆ ಬರುವ ತಿಂಗಳು ನೋಡಿಕೊಳ್ಳಿ.

ಗುಡ್ಡದ ಮನೆ

ಡ್ರೈವಿಂಗ್ ಬಗ್ಗೆ ನಾನು ಹೇಳುತ್ತೇನೆ. ಭಾರತ ಬಿಡುವ ಮೊದಲು ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ. ಇಲ್ಲಿ ವಾಸಕ್ಕೆ ಬಂದವರು ಒಂದು ವರ್ಷದೊಳಗೆ ಲೈಸೆನ್ಸ್ ಬದಲಾಯಿಸಿಕೊಳ್ಳಬೇಕು. ಕಾರು ಇಲ್ಲದಿದ್ದರೂ ಆ ಕೆಲಸ ಮಾಡಿಟ್ಟುಕೊಳ್ಳಿ. ಊರೊಳಗೆ ವೇಗ 50, ಹೊರಗೆ 90, ಹೆದ್ದಾರಿಯಲ್ಲಿ 130, ಮಳೆ ಬಂದರೆ 110. ಹೆದ್ದಾರಿಗೆ ಟೋಲ್ ಇಲ್ಲ. ಹಿಮ ಬಿದ್ದಾಗ ಚಳಿಗಾಲದ ಟೈರು ಕಡ್ಡಾಯ. ಜೀಬ್ರಾ ಪಟ್ಟಿಯ ಹತ್ತಿರ ಜನ ನಿಂತರೆ ನೀವು ನಿಲ್ಲಲೇಬೇಕು, ಹಾರ್ನ್ ಮುಟ್ಟಬೇಡಿ. ಬಲಗಡೆ ಓಡಿಸುವುದು ಎರಡು ದಿನದಲ್ಲಿ ಅಭ್ಯಾಸ ಆಗುತ್ತದೆ. ಕಷ್ಟ ಅನ್ನಿಸುವುದು ಎಡಕ್ಕೆ ತಿರುಗುವಾಗ ಮತ್ತು ವೃತ್ತಗಳಲ್ಲಿ.

ಬಾಡಿಗೆ ಕಾರು ತಗೊಂಡರೆ ಹೊರಡುವ ಮೊದಲೇ ಸುತ್ತ ನಡೆದು ವೀಡಿಯೊ ಮಾಡಿ. ಒಂದು ಕಂಪನಿಯವರು ನಾವು ಮಾಡದ ಗೀರಿಗೆ ದುಡ್ಡು ಕಿತ್ತುಕೊಂಡರು. ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ.

ವಾರಕ್ಕೊಮ್ಮೆ ಮಾತ್ರ ಕಾರು ಬೇಕಾದವರಿಗೆ ಸ್ಟೇಷನ್‌ಗಳ ಹತ್ತಿರ ಗಂಟೆ ಲೆಕ್ಕದ ಹಂಚಿಕೆ ಕಾರುಗಳಿವೆ. ಫ್ಲೆಕ್ಸ್ ಎನ್ನುವುದು ರೈಲ್ವೆಯವರದೇ. ನಿಮಗೆ ಅದೇ ಸಾಕಾಗಬಹುದು.

ಕಾವೇರಿ ತೀರ

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಗಂಡನಿಗೆ ಓದಿ ಹೇಳಿದೆ. ಭಾನುವಾರ ರಾತ್ರಿ ಒಂಬತ್ತರ ಪರೀಕ್ಷೆ ಮಾಡಿದೆವು. ಹಳ್ಳಿ ಮನೆಯ ನಿಲ್ದಾಣಕ್ಕೆ ಬೆಳಿಗ್ಗೆವರೆಗೆ ಏನೂ ಇಲ್ಲ. ಸ್ಟೇಷನ್ ಪಕ್ಕದ ಮನೆಗೆ ಹೂಂ ಅಂದೆವು. ಬಂದ ಮೇಲೆ ಬರೆಯುತ್ತೇನೆ.

ಕಾವೇರಿ ತೀರ (ನಾಲ್ಕು ತಿಂಗಳ ನಂತರ)

ಕೊಟ್ಟ ಮಾತಿನಂತೆ ಬರೆಯುತ್ತಿದ್ದೇನೆ.

ವಿಮಾನ ನಿಲ್ದಾಣದಲ್ಲಿ ಇಳಿದು ಹೊರಗೆ ಬಂದರೆ ಎದುರಿಗೇ ಟ್ರಾಮು. ವಿಮಾನ ನಿಲ್ದಾಣವಿರುವ ಈ ಫಿಂಡೆಲ್‌ವರೆಗೆ ಅದು ಬಂದಿದ್ದು 2025ರ ಮಾರ್ಚ್‌ನಲ್ಲಂತೆ. ನಾಲ್ಕು ಸೂಟ್‌ಕೇಸು ಒಳಗೆ ತಳ್ಳಿದೆವು. ಊರಿನ ನಡುಭಾಗದಲ್ಲಿ ಟ್ರಾಮಿನ ಮೇಲೆ ತಂತಿಯೇ ಇಲ್ಲ. ಪ್ರತಿ ನಿಲ್ದಾಣದಲ್ಲೂ ನೆಲದಿಂದ ಚಾರ್ಜ್ ತಗೊಂಡು ಮುಂದೆ ಹೋಗುತ್ತದೆ. ಮಗಳಿಗೆ ಇದು ಗೊತ್ತಾದ ಮೇಲೆ ಪ್ರತಿ ನಿಲ್ದಾಣದಲ್ಲೂ "ಈಗ ಊಟ ಮಾಡ್ತಿದೆ" ಅನ್ನುತ್ತಾಳೆ.

ಗಂಡ ದಿನಾ ನೀವು ಹೇಳಿದ ದಾರಿಯಲ್ಲೇ ಹೋಗುತ್ತಾರೆ. ನಾನೂ ಒಂದು ದಿನ ಜೊತೆಗೆ ಹೋದೆ. ಬೆಳಿಗ್ಗೆ ಎಂಟಕ್ಕೆ ರೈಲು ನಿಂತಿತು. ಬಾಗಿಲು ತೆರೆದಾಗ ಜನ ಓಡಲಿಲ್ಲ, ಒಟ್ಟಿಗೆ ನಡೆದರು. ಡಬ್ಬಿ ಮೇಲೇರುವಾಗ ಕಣಿವೆಯ ಮನೆಗಳ ಚಾವಣಿ ಒಂದೊಂದಾಗಿ ಕೆಳಗೆ ಹೋದವು. ತಲೆ ಮೇಲೆ ದೊಡ್ಡ ಕೆಂಪು ಸೇತುವೆ. ನಿಮ್ಮ ಹೆಸರು ಅದರಿಂದಲೇ ಬಂದದ್ದಾ?

ಅತ್ತೆ ಬಂದು ಆರು ವಾರ ಆಯಿತು. ಹೋದ ಭಾನುವಾರ ಎಟೆಲ್‌ಬ್ರುಕ್‌ನಿಂದ ಬಸ್ಸಿನಲ್ಲಿ ಡೀಕಿರ್ಶ್ ಮೇಲೆ ವಿಯಾಂಡೆನ್‌ಗೆ ಹೋದೆವು. ಬಸ್ಸು ಗುಡ್ಡ ಇಳಿಯುವಾಗ ತಿರುವಿನಲ್ಲಿ ಕೋಟೆ ಒಮ್ಮೆಲೇ ಕಂಡಿತು. ಅತ್ತೆ ಮುಂದಿನ ಸೀಟಿನ ಕಂಬಿ ಹಿಡಿದು ಎದ್ದೇ ನಿಂತರು. ಅಲ್ಲಿ ಗುಡ್ಡ ಹತ್ತಿಸುವ ಕುರ್ಚಿ ತೂಗುದಾರಿ ಇದೆ. ಅದಕ್ಕೆ ದುಡ್ಡು ಕೊಡಬೇಕು. ಅದು ನಿಲ್ಲುವುದಿಲ್ಲ, ಚಲಿಸುತ್ತಿರುವಾಗಲೇ ಕೂರಬೇಕು. ಅತ್ತೆಗೆ ಆಗಲಿಲ್ಲ. ನದಿ ದಂಡೆಯ ಬೆಂಚಿನಲ್ಲಿ ಕೂತು ಪುಳಿಯೋಗರೆ ತಿಂದೆವು.

ಕಾರು ಇದುವರೆಗೆ ಎರಡೇ ಸಲ ತಗೊಂಡಿದ್ದೇವೆ, ಹಂಚಿಕೆಯದು. ಒಮ್ಮೆ ಕಪಾಟು ತರಲು, ಇನ್ನೊಮ್ಮೆ ಮಗಳಿಗೆ ಮಧ್ಯರಾತ್ರಿ ಜ್ವರ ಬಂದಾಗ. ಆ ರಾತ್ರಿ ಅನ್ನಿಸಿತು, ಒಂದು ಸ್ವಂತದ್ದು ಇರಬೇಕಿತ್ತಾ ಅಂತ. ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಜ್ವರ ಇಳಿದ ಮೇಲೂ ಆ ಯೋಚನೆ ಪೂರ್ತಿ ಹೋಗಿಲ್ಲ. ಚಳಿಗಾಲ ಒಂದು ನೋಡಿ ತೀರ್ಮಾನ ಮಾಡುತ್ತೇವೆ. ಲೈಸೆನ್ಸ್‌ಗೆ ಅರ್ಜಿ ಹಾಕಿದ್ದೇನೆ.

ಅತ್ತೆ ಹೊರಡುವ ಮೊದಲು ಎಖ್ಟರ್ನಾಖ್ ನೋಡಬೇಕಂತೆ. ಅಲ್ಲಿಗೆ ರೈಲಿಲ್ಲ ಅಲ್ವಾ? ಬಸ್ಸು ಇಳಿದ ಮೇಲೆ ನಡಿಗೆ ಎಷ್ಟಿದೆ?

ಎರಡು ಜಡೆ

ರೈಲಿಲ್ಲ, ಬಸ್ಸೇ. ನಿಲ್ದಾಣದಿಂದ ಪೇಟೆ ಬೀದಿ ಹಿಡಿದರೆ ಚೌಕ, ಅಲ್ಲಿಂದ ಮುಂದೆ ಹಳೇ ಬೆಸಿಲಿಕಾ. ಬೀದಿಯಲ್ಲಿ ಕಾರು ಬರುವುದಿಲ್ಲ. ಅತ್ತೆಯ ನಡಿಗೆಗೂ ಕಾಲು ಗಂಟೆ ಸಾಕು. ಮ್ಯುಲರ್‌ಟಾಲ್‌ನ ಬಂಡೆ ಕಾಡಿಗೆ ಮಾತ್ರ ಅವರನ್ನು ಕರೆದೊಯ್ಯಬೇಡಿ, ಅಲ್ಲಿ ಬೇರು, ಮೆಟ್ಟಿಲು ಜಾಸ್ತಿ. ನಾವೂ ಶನಿವಾರ ಖಾಲಿ ಇದ್ದೇವೆ. ಕಿರ್ಶ್‌ಬರ್ಗ್‌ನಲ್ಲಿ ಬಸ್ಸು ಹತ್ತುವ ಜಾಗದಲ್ಲಿ ಹತ್ತು ಗಂಟೆಗೆ ಸಿಗೋಣವಾ? ಹಳದಿ ತಳ್ಳುಗಾಡಿ ನೋಡಿ, ಗುರುತು ಸಿಗುತ್ತದೆ.